ಕುದಿಯುವ ಇಂಜಿನು, ಗುಮಾಸ್ತನ ಟಿಪ್ಪಣಿ

ಮಂಗಳಗಿರಿಯ ಬೆಟ್ಟದ ಮೇಲಿನ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಅರ್ಧ ತಾನು ಕುಡಿದು ಉಳಿದರ್ಧವನ್ನು ಭಕ್ತರಿಗೆ ಬಿಡುತ್ತಾನೆಂಬುದು ಇಲ್ಲಿನವರ ನಂಬಿಕೆ. ಕಳೆದ ಬೇಸಿಗೆಯಲ್ಲಿ ಬೆಟ್ಟದ ಬುಡದಲ್ಲಿರುವ ನಮ್ಮ ಮನೆಯಲ್ಲಿಯೂ ಇಂಥದೇ ಒಂದು ಸೇವೆ ನಡೆದಿತ್ತು. ನೀರು ಕುಡಿಯುತ್ತಿದ್ದುದು ನಮ್ಮ ಕಾರು; ಆದರೆ ಅದು ಪ್ರಸಾದವನ್ನೇನೂ ಉಳಿಸದೆ ಎಲ್ಲವನ್ನೂ ಆವಿಮಾಡಿ ಬಿಡುತ್ತಿತ್ತು!

ಕಾರೆಂದರೆ ಓದುಗರು ನಮ್ಮನ್ನು ಸಿರಿವಂತರೆಂದು ತಿಳಿಯಬಾರದು. ಎರಡು ಕೈ ಬದಲಾಗಿ ಬಂದ ಪುಟ್ಟ ಗಾಡಿ. ಕಛೇರಿ ವಿಜಯವಾಡದಲ್ಲಿ, ತಾಡೇಪಲ್ಲಿ ದಾಟಿ, ಕೃಷ್ಣೆಯ ಮೇಲಿನ ಕನಕದುರ್ಗಾ ವಾರಧಿ ಹಾದು ಸುಮಾರು 12 ಕಿಲೋಮೀಟರು. ಮೇ ತಿಂಗಳಲ್ಲಿ ಸೇತುವೆಯ ನಡುವೆಯೇ ಮೂತಿಯಿಂದ ಹೊಗೆಯಂತೆ ಆವಿ ಎದ್ದಿತು. ಗಾಬರಿಯಿಂದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆವು. ಪಕ್ಕದ ಆಟೋದವನೊಬ್ಬ “ವದ್ದು, ವದ್ದು!” ಎಂದು ಕೂಗಿ ಕೈ ಹಿಡಿದೆಳೆದ. ಮುಚ್ಚಳದ ಒತ್ತಡದಲ್ಲಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ತೆರೆದೊಡನೆ ಕುಕ್ಕರಿನಂತೆ ಮುಖಕ್ಕೇ ಚಿಮ್ಮುತ್ತದೆ. ಆ ಪುಣ್ಯಾತ್ಮನ ಹೆಸರನ್ನೂ ಕೇಳಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಗ್ಯಾರೇಜಿನವರು ನೋಡಿ, ರೇಡಿಯೇಟರು ಕಟ್ಟಿದೆಯೆಂದರು. ಹೊಸದು ಹಾಕಿಸಿದೆವು. ಮೂರನೆಯ ದಿನ ಮತ್ತೆ ಅದೇ ಕುದಿತ. ಈ ಸಲ “ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನು ಬಿಚ್ಚಬೇಕು” ಎಂದು ಅವರು ಹೇಳಿದ ಮೊತ್ತ ಕೇಳಿ ಮನೆಯಲ್ಲಿ ಎಲ್ಲರೂ ಸುಮ್ಮನಾದೆವು. ಕೈಯಲ್ಲಿ ಉಳಿದಿದ್ದುದು ಅಮ್ಮನ ಕಣ್ಣಿನ ಪೊರೆ ತೆಗೆಸಲೆಂದು ಕೂಡಿಟ್ಟ ಹಣ ಮಾತ್ರ. “ನನ್ನ ಕಣ್ಣಿಗೇನು ಅವಸರ, ಗಾಡಿ ಇಲ್ಲದೆ ಕಛೇರಿಗೆ ಹೇಗೆ ಹೋಗುತ್ತೀಯ?” ಎಂದರು ಅಮ್ಮ. ಆ ಮಾತು ಚುಚ್ಚಿತು.

ಗುಮಾಸ್ತರಾದ ನಮಗೆ ಯಂತ್ರವಿದ್ಯೆ ಬಾರದು. ಟಿಪ್ಪಣಿ ಬರೆಯುವುದು ಬರುತ್ತದೆ. ಒಂದು ವಾರ ಹಾಗೆಯೇ ಬರೆದಿಟ್ಟೆವು. ಬೆಳಿಗ್ಗೆ, ಹೆದ್ದಾರಿ, ವೇಗ 60: ಶಾಖದ ಮುಳ್ಳು ನಡುವಿನಲ್ಲಿ. ಸಂಜೆ, ವಾರಧಿಯ ಮೇಲೆ ಗಾಡಿಗಳ ಸಾಲು: ಹತ್ತು ನಿಮಿಷದಲ್ಲಿ ಮುಳ್ಳು ಕೆಂಪಿನತ್ತ, ಗಾಡಿ ನಿಲ್ಲಿಸಿ ಆರಿಸಿದೆವು. ಬೆಟ್ಟದ ದಾರಿ, ಎರಡನೆಯ ಗೇರು: ಮತ್ತೆ ಕೆಂಪಿನತ್ತ, ಇಳಿದು ಹೆದ್ದಾರಿಗೆ ಬಂದೊಡನೆ ತಗ್ಗಿತು.

ಕಡತವೇ ಉತ್ತರ ಹೇಳಿತು. ಸುಡುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಓಡುವಾಗ ತಣ್ಣಗಿದೆಯೆಂದರೆ ನೀರು ಸರಿಯಾಗಿ ಸುತ್ತುತ್ತಿದೆ. ಪಂಪು, ಥರ್ಮೋಸ್ಟಾಟುಗಳ ತಪ್ಪಲ್ಲ. ಗ್ಯಾಸ್ಕೆಟ್ ಹೋಗಿದ್ದರೆ ಹೊಗೆಕೊಳವೆಯಲ್ಲಿ ನಿಲ್ಲದ ಬಿಳಿ ಹೊಗೆಯೋ, ಎಣ್ಣೆಯಲ್ಲಿ ಹಾಲಿನ ಬಣ್ಣವೋ ಕಾಣಬೇಕಿತ್ತು, ಎರಡೂ ಇರಲಿಲ್ಲ. ನಿಧಾನವಾಗಿ ಹೋಗುವಾಗ ಮಾತ್ರ ಕಾಯುತ್ತದೆಂದರೆ ಆಗ ಇಲ್ಲದಿರುವುದು ಗಾಳಿ. ಗಾಳಿ ಬೀಸಬೇಕಾದುದು ವಿದ್ಯುತ್ ಫ್ಯಾನು!

ಟಿಪ್ಪಣಿಯೊಡನೆ ಬೇರೊಬ್ಬ ಎಲೆಕ್ಟ್ರೀಷಿಯನ್ನರ ಬಳಿ ಹೋದೆವು. ಇಂಜಿನು ಕಾದರೂ ಫ್ಯಾನು ಅಲುಗಲಿಲ್ಲ. ಫ್ಯೂಸು ಸರಿಯಿತ್ತು. ಶಾಖ ಅರಿಯುವ ಸ್ವಿಚ್ಚನ್ನು ಬಿಟ್ಟು ಅವರು ತಂತಿಗಳನ್ನು ನೇರವಾಗಿ ಕೂಡಿಸಿದಾಗ ಫ್ಯಾನು ಭರ್‍ರೆಂದು ತಿರುಗಿತು. ಕೆಟ್ಟದ್ದು ಹೆಬ್ಬೆರಳಿನಷ್ಟಿರುವ ಆ ಸ್ವಿಚ್ಚು. ಬೆಟ್ಟ ಅಗೆದು ಇಲಿ ಹಿಡಿದೆವು; ಆದರೆ ಅಗೆತದ ಖರ್ಚು ಅಮ್ಮನ ಕಣ್ಣಿನವರೆಗೆ ಹೋಗುವ ಮೊದಲೇ ಹಿಡಿದೆವು.

ಹೊರನಾಡಿನಲ್ಲಿರುವ ನಮ್ಮಂಥ ಸಂಸಾರಗಳಿಗೆ ಒಂದು ಮಾತು. ಗಾಡಿ ಕಾದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನು ಆರಿಸಿರಿ. ಪೂರಾ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಯಾವಾಗ, ಎಲ್ಲಿ, ಎಷ್ಟು ವೇಗದಲ್ಲಿ ಕಾಯಿತೆಂಬುದನ್ನು ಬರೆದುಕೊಳ್ಳಿ. ಪರಭಾಷೆಯಲ್ಲಿ ವಾದಿಸಲು ಬಾರದವರ ಪರವಾಗಿ ಆ ಚೀಟಿಯೇ ಮಾತನಾಡುತ್ತದೆ.

ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳ ನಂತರ ಅದೇ ಕಾರಿನಲ್ಲಿ ಕೆಳಗಿನ ದೇವಸ್ಥಾನಕ್ಕೆ ಕರೆದೊಯ್ದೆವು. ವಾಸಿರೆಡ್ಡಿ ವೆಂಕಟಾದ್ರಿ ನಾಯುಡು 1807-09ರಲ್ಲಿ ಕಟ್ಟಿಸಿದ ಗೋಪುರದ ಕೆಳಗೆ ನಿಂತು, ತಲೆಯೆತ್ತಿ, ಬೆರಳು ಮಡಿಸುತ್ತ ಅಂತಸ್ತುಗಳನ್ನು ಎಣಿಸಿದರು. “ಹನ್ನೊಂದು” ಎಂದರು. ಲೆಕ್ಕ ಸರಿಯಾಗಿತ್ತು.