ಕೀಲಿಕೈ ಕೊಟ್ಟು ಬರಮಾಡಿಕೊಂಡವರು

ಅಮೆರಿಕದ ಸಣ್ಣ ಊರುಗಳ ರಸ್ತೆ ಬದಿಯಲ್ಲಿ ಒಂದು ಬೋರ್ಡು ಆಗಾಗ ಕಣ್ಣಿಗೆ ಬೀಳುತ್ತದೆ. ಕೆಂಪು ಶಿಲುಬೆಯ ಗುರಾಣಿ ಚಿತ್ರ, ಜೊತೆಗೆ ‘ಎಪಿಸ್ಕೋಪಲ್ ಚರ್ಚ್ ನಿಮ್ಮನ್ನು ಸ್ವಾಗತಿಸುತ್ತದೆ’ ಎಂಬ ಮಾತು. ಅದರ ಜಾಡು ಹಿಡಿದು ಹೋದರೆ ಕಲ್ಲಿನದೋ ಮರದ್ದೋ ಒಂದು ಚರ್ಚು. ಬಹಳ ಕಡೆ ಬಾಗಿಲಿಗೆ ಕೆಂಪು ಬಣ್ಣ. ಪಕ್ಕದ ಫಲಕದಲ್ಲಿ ಭಾನುವಾರದ ಆರಾಧನೆಯ ಹೊತ್ತು, ಅದರ ಕೆಳಗೆ ಎರಡು ಮೂರು ಹೆಸರು: ರೆಕ್ಟರ್ ಇಂಥವರು, ಅಸೋಸಿಯೇಟ್ ಇಂಥವರು, ಡೀಕನ್ ಇಂಥವರು. ಹಾದುಹೋಗುವವರಿಗೆ ಇವೆಲ್ಲ ಪಾದ್ರಿಗಿರುವ ಬೇರೆ ಬೇರೆ ಹೆಸರು, ಅಷ್ಟೆ. ಆದರೆ ಅವರನ್ನು ಕರೆದವರು ಯಾರು, ತಲೆಯ ಮೇಲೆ ಕೈಯಿಟ್ಟು ಕಳಿಸಿದವರು ಯಾರು ಎಂದು ವಿಚಾರಿಸಿದರೆ ಆ ಹೆಸರುಗಳು ಬೇರೆಯಾಗುತ್ತಾ ಹೋಗುತ್ತವೆ.

‘ಎಪಿಸ್ಕೋಪಲ್’ ಎಂದರೆ ಬಿಷಪ್ಪರಿರುವ ಸಭೆ. ಇಂಗ್ಲೆಂಡಿನ ಚರ್ಚು ಅಮೆರಿಕದ ವಸಾಹತುಗಳಲ್ಲಿ ಬೇರೂರಿದ್ದರೂ ಅಲ್ಲಿ ಒಬ್ಬ ಬಿಷಪ್ ಇರಲಿಲ್ಲ. ದೀಕ್ಷೆ ಬೇಕಾದವರು ಸಮುದ್ರ ದಾಟಿ ಹೋಗಬೇಕಿತ್ತು. ದೇಶ ಸ್ವತಂತ್ರವಾದ ಮೇಲೆ ಇನ್ನೊಂದು ತೊಡಕು: ಇಂಗ್ಲೆಂಡಿನಲ್ಲಿ ಬಿಷಪ್ ಆಗುವವರು ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಸ್ವತಂತ್ರ ದೇಶದ ಪ್ರಜೆ ಅದನ್ನು ಹೇಗೆ ಮಾಡಿಯಾನು? ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಸೀಬರಿ ಲಂಡನ್ನಿನಲ್ಲಿ ಕಾದು ಕಾದು ಕೊನೆಗೆ ಸ್ಕಾಟ್ಲೆಂಡಿಗೆ ಹೋದರು. 1784ರ ನವೆಂಬರ್ 14ರಂದು ಅಬರ್ಡೀನ್‌ನಲ್ಲಿ ಮೂವರು ಸ್ಕಾಟಿಷ್ ಬಿಷಪ್ಪರು ಅವರ ತಲೆಯ ಮೇಲೆ ಕೈಯಿಟ್ಟರು. ಅವರು ಅಮೆರಿಕದ ಮೊದಲ ಎಪಿಸ್ಕೋಪಲ್ ಬಿಷಪ್ ಆದದ್ದು ಹೀಗೆ.

ಬಿಷಪ್ಪರ ಸುಪರ್ದಿಗೆ ಇಡೀ ಒಂದು ಪ್ರಾಂತ (ಡಯಾಸಿಸ್) ಇರುತ್ತದೆ. ಊರಿನ ಸಭೆಯ ದಿನನಿತ್ಯದ ಹೊಣೆ ರೆಕ್ಟರರದು. ನಮ್ಮ ಕಡೆಯ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳನ್ನು ಬಲ್ಲ ಓದುಗರಿಗೆ ಇಲ್ಲೊಂದು ಅಚ್ಚರಿ ಇದೆ. 1947ರಲ್ಲಿ ಹುಟ್ಟಿದ ಸಿಎಸ್ಐ ಕೂಡ ಇಂಗ್ಲೆಂಡಿನ ಚರ್ಚಿನ ಕುಟುಂಬವಾದ ಆಂಗ್ಲಿಕನ್ ಬಳಗದ್ದೇ, ಹಾಗಾಗಿ ಇವೆರಡೂ ನಂಟರು. ಆದರೆ ನಮ್ಮಲ್ಲಿ ಸಭಾಪಾಲಕರಿಗೆ ವರ್ಗಾವಣೆ ಉಂಟು. ಕೆಲವು ವರ್ಷಕ್ಕೊಮ್ಮೆ ಡಯಾಸಿಸ್‌ನಿಂದ ಆದೇಶ ಬರುತ್ತದೆ, ಅಯ್ಯನವರು ಸಾಮಾನು ಕಟ್ಟುತ್ತಾರೆ. ಎಪಿಸ್ಕೋಪಲ್ ಸಭೆಯಲ್ಲಿ ರೆಕ್ಟರರನ್ನು ಊರಿನವರೇ ಆರಿಸುತ್ತಾರೆ. ಸಭಿಕರು ಚುನಾಯಿಸಿದ ಆಡಳಿತ ಮಂಡಳಿಗೆ ವೆಸ್ಟ್ರಿ ಎಂದು ಹೆಸರು. ಹಳೆಯ ರೆಕ್ಟರ್ ನಿವೃತ್ತರಾದರೆ ಈ ಮಂಡಳಿ ಒಂದು ಹುಡುಕಾಟ ಸಮಿತಿ ಮಾಡುತ್ತದೆ. ನಾವು ಯಾರು, ನಮ್ಮ ಕೊರತೆ ಏನು, ಎಂಥವರು ಬೇಕು ಎಂದು ಸಭೆ ತನ್ನ ಬಗ್ಗೆ ತಾನೇ ಬರೆದುಕೊಳ್ಳುತ್ತದೆ. ಅರ್ಜಿ, ಮಾತುಕತೆ, ಪ್ರಾರ್ಥನೆ ಎಂದು ಒಂದು ವರ್ಷ ಹಿಡಿಯುವುದೂ ಉಂಟು. ಆರಿಸಿದ ಹೆಸರು ಬಿಷಪ್ಪರ ಮುಂದೆ ಹೋಗಬೇಕು. ಜನ ಕರೆಯಬೇಕು, ಬಿಷಪ್ ಒಪ್ಪಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆಗದು.

ಒಮ್ಮೆ ಕರೆದ ಮೇಲೆ ಆ ನಂಟು ಸುಲಭವಾಗಿ ಬಿಡುವಂಥದ್ದಲ್ಲ. ಸಿಟ್ಟು ಬಂತೆಂದು ವೆಸ್ಟ್ರಿ ರೆಕ್ಟರರನ್ನು ತಾನಾಗಿಯೇ ತೆಗೆದುಹಾಕುವಂತಿಲ್ಲ. ವೆಸ್ಟ್ರಿಯ ಒಪ್ಪಿಗೆ ಇಲ್ಲದೆ ರೆಕ್ಟರರೂ ರಾಜೀನಾಮೆ ಕೊಟ್ಟು ಹೊರಡುವಂತಿಲ್ಲ. ಮನಸ್ತಾಪ ಮೂಡಿದರೆ ಬಿಷಪ್ ನಡುವೆ ಬರಬೇಕು. 72 ತುಂಬಿದಾಗ ಮಾತ್ರ ಎಲ್ಲರೂ ಇಳಿಯಲೇಬೇಕು. ಕೈಗೆ ಬಂದ ಕೆಲಸಗಾರನನ್ನು ಕೈಬಿಟ್ಟಷ್ಟು ಸಲೀಸಾಗಿ ಗುರುವನ್ನು ಬಿಡಬಾರದು ಎಂಬ ಈ ಕಟ್ಟಳೆ ನನಗೆ ಬಹಳ ಮೆಚ್ಚುಗೆಯಾದದ್ದು. ತನ್ನ ಖರ್ಚು ತಾನೇ ತೂಗಿಸಲಾರದ ಸಣ್ಣ ಸಭೆಗೆ ಈ ಆಯ್ಕೆಯ ಹಕ್ಕು ಇರುವುದಿಲ್ಲ. ಅಲ್ಲಿಗೆ ಬಿಷಪ್ಪರ ಪರವಾಗಿ ವಿಕರ್ ಬರುತ್ತಾರೆ. ಹೊಸದಾಗಿ ದೀಕ್ಷೆ ಪಡೆದು ಹಿರಿಯರ ಕೈಕೆಳಗೆ ಪಳಗುವವರು ಕ್ಯೂರೇಟ್.

ಹೊಸ ರೆಕ್ಟರರನ್ನು ಬರಮಾಡಿಕೊಳ್ಳುವ ಆರಾಧನೆಯನ್ನು ನೋಡಬೇಕು. 1979ರ ಪ್ರಾರ್ಥನಾ ಪುಸ್ತಕದಲ್ಲಿ ಅದರ ಕ್ರಮವಿದೆ. ಬಿಷಪ್ ಎದುರಿಗೆ ನಿಂತಿರುತ್ತಾರೆ. ಸಭಿಕರು ಒಬ್ಬೊಬ್ಬರಾಗಿ ಎದ್ದು ಬಂದು ಒಂದೊಂದು ವಸ್ತು ಕೈಗಿಡುತ್ತಾರೆ. ಒಬ್ಬರು ಬೈಬಲ್ ತರುತ್ತಾರೆ, ಇನ್ನೊಬ್ಬರು ಪಾತ್ರೆಯಲ್ಲಿ ನೀರು: ದೀಕ್ಷಾಸ್ನಾನ ಮಾಡಿಸಿ ಎಂದು. ಹೆಗಲಿಗೆ ಹೊದೆಯುವ ಸ್ಟೋಲ್, ಪ್ರಾರ್ಥನಾ ಪುಸ್ತಕ, ರೋಗಿಗಳ ಹಣೆಗೆ ಹಚ್ಚಲು ಆಲಿವ್ ಎಣ್ಣೆ, ರೊಟ್ಟಿ ಮತ್ತು ದ್ರಾಕ್ಷಾರಸ. ಇವುಗಳ ನಡುವೆ ಚರ್ಚಿನ ಕೀಲಿಕೈಗಳೂ ಬರುತ್ತವೆ. ಬಾಗಿಲು ಎಲ್ಲರಿಗೂ ತೆರೆದಿರಲಿ ಎಂಬ ಮಾತಿನೊಂದಿಗೆ. ಇಷ್ಟೆಲ್ಲ ಪಡೆದ ಮೇಲೆ ಹೊಸಬರು ಸಭೆಯ ನಡುವೆ ಮೊಣಕಾಲೂರಿ, ಇದಕ್ಕೆ ತಾನು ಯೋಗ್ಯನಲ್ಲವೆಂದು ದೇವರ ಮುಂದೆ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆ.

ಡೀಕನ್ನರದು ಬೇರೆಯೇ ದಾರಿ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಇವರು ‘ಸಭಾಸೇವಕರು’. ಸ್ಟೋಲನ್ನು ಇವರು ಎಡ ಹೆಗಲಿನಿಂದ ಬಲ ಸೊಂಟಕ್ಕೆ ಅಡ್ಡಲಾಗಿ ಧರಿಸುತ್ತಾರೆ; ಕನ್ನಡಿಗರ ಕಣ್ಣಿಗೆ ಜನಿವಾರದ ನೆನಪು ಬಂದೇ ಬರುತ್ತದೆ. ಭಾನುವಾರ ಸುವಾರ್ತೆ ಓದುವುದು, ಮೇಜು ಅಣಿಮಾಡುವುದು, ಕೊನೆಯಲ್ಲಿ ‘ಇನ್ನು ಹೊರಡಿ, ಸೇವೆಗೆ’ ಎಂದು ಜನರನ್ನು ಕಳಿಸಿಕೊಡುವುದು ಇವರ ಪಾಲು. ಉಳಿದ ದಿನ ಇವರಲ್ಲಿ ಅನೇಕರು ಬೇರೆ ಉದ್ಯೋಗದಲ್ಲಿರುತ್ತಾರೆ: ನರ್ಸು, ಮೇಷ್ಟರು, ಗುಮಾಸ್ತರು. ಚರ್ಚಿನ ಸಂಬಳವಿಲ್ಲದೆ ದುಡಿಯುವವರೇ ಹೆಚ್ಚು. ಜೈಲು, ಆಸ್ಪತ್ರೆ, ಮನೆಯಿಲ್ಲದವರ ಊಟದ ಸಾಲು ಇವರ ಸೇವೆಯ ಜಾಗಗಳು. ಅಲ್ಲಿ ಕಂಡದ್ದನ್ನು ಸಭೆಯ ಮುಂದೆ ತಂದು ಹೇಳುವ ಹೊಣೆಯನ್ನು ದೀಕ್ಷೆಯ ದಿನವೇ ಬಿಷಪ್ ಇವರ ಮೇಲೆ ಹೊರಿಸಿರುತ್ತಾರೆ.

ಜನ ಕರೆಯಬೇಕು ಎನ್ನುವ ಪದ್ಧತಿ ಕೇಳಲು ಚೆಂದ. ಆದರೆ ಯಾವ ಜನ, ಯಾರನ್ನು ಎಂಬ ಪ್ರಶ್ನೆಗೆ ಈ ಸಭೆ ಎರಡು ಶತಮಾನ ಉತ್ತರ ಹುಡುಕಿತು. 1746ರಲ್ಲಿ ಡೆಲವೇರ್‌ನಲ್ಲಿ ಗುಲಾಮನಾಗಿ ಹುಟ್ಟಿದ ಆಬ್ಸಲಮ್ ಜೋನ್ಸ್ ದುಡಿದು ಕೂಡಿಟ್ಟ ಹಣದಲ್ಲಿ ಮೊದಲು ಬಿಡಿಸಿಕೊಂಡದ್ದು ಹೆಂಡತಿಯನ್ನು. ತಾಯಿ ಸ್ವತಂತ್ರಳಾದರೆ ಮಕ್ಕಳೂ ಸ್ವತಂತ್ರರು ಎಂಬುದು ಅಂದಿನ ಕಾನೂನು. ಅವರಿಗೆ ತಮ್ಮ ಬಿಡುಗಡೆ ಸಿಕ್ಕಿದ್ದು 1784ರಲ್ಲಿ. ಫಿಲಡೆಲ್ಫಿಯಾದ ಮೆಥಡಿಸ್ಟ್ ಚರ್ಚೊಂದರಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಜನರನ್ನು ಎಬ್ಬಿಸಲು ಚರ್ಚಿನವರು ಬಂದಾಗ ಜೋನ್ಸರೂ ಗೆಳೆಯ ರಿಚರ್ಡ್ ಅಲೆನ್ನರೂ ಸಂಗಡಿಗರೊಂದಿಗೆ ಹೊರನಡೆದರು. 1793ರಲ್ಲಿ ಹಳದಿ ಜ್ವರ ಊರನ್ನು ಮುತ್ತಿದಾಗ ಇವರೇ ಮುಂದೆ ನಿಂತು ರೋಗಿಗಳ ಆರೈಕೆ ಮಾಡಿಸಿದರು, ಹೆಣಗಳನ್ನು ಸಾಗಿಸಿದರು. ಮರುವರ್ಷ ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಚರ್ಚು ಬಾಗಿಲು ತೆರೆಯಿತು. ಜನ ಜೋನ್ಸರನ್ನು ಗುರುವಾಗಿ ಕೇಳಿದರು. 1795ರಲ್ಲಿ ಅವರು ಡೀಕನ್ ಆದರು. ಪಾದ್ರಿಯಾಗಲು ಇನ್ನೂ ಹಲವು ವರ್ಷ ಬೇಕಾಯಿತು. ಗ್ರೀಕ್, ಲ್ಯಾಟಿನ್ ಬಾರದಿದ್ದರೂ ನಡೆಯುತ್ತದೆ ಎಂದು ಬಿಷಪ್ಪರ ಕಡೆಯವರು ರಿಯಾಯಿತಿ ಕೊಟ್ಟರು, ಜೊತೆಗೆ ಒಂದು ಷರತ್ತನ್ನೂ ಹಾಕಿದರು: ಪ್ರಾಂತದ ವಾರ್ಷಿಕ ಸಭೆಯಲ್ಲಿ ಈ ಚರ್ಚಿಗೆ ಸ್ಥಾನವಿಲ್ಲ. ಆ ಷರತ್ತು ಬಿದ್ದುಹೋಗಲು ಸುಮಾರು 70 ವರ್ಷ ಹಿಡಿಯಿತು. ಎಪಿಸ್ಕೋಪಲ್ ಸಭೆಯ ಮೊದಲ ಕಪ್ಪು ಪಾದ್ರಿಗೆ ಕೀಲಿಕೈ ಸಿಕ್ಕಿತ್ತು, ಕುರ್ಚಿ ಸಿಕ್ಕಿರಲಿಲ್ಲ. 1818ರ ಫೆಬ್ರವರಿ 13ರಂದು ಅವರು ತೀರಿಕೊಂಡರು. ಇಂದು ಅದೇ ದಿನ ಅವರ ಸ್ಮರಣೆ.

ಹೆಂಗಸರ ಕಥೆಯೂ ಅದೇ ಫಿಲಡೆಲ್ಫಿಯಾದ್ದು. 1974ರ ಜುಲೈ 29ರಂದು ಚರ್ಚ್ ಆಫ್ ದಿ ಅಡ್ವೊಕೇಟ್‌ನಲ್ಲಿ 11 ಮಂದಿ ಮಹಿಳಾ ಡೀಕನ್ನರಿಗೆ ಪಾದ್ರಿ ದೀಕ್ಷೆಯಾಯಿತು. ಸಭೆಯ ಒಪ್ಪಿಗೆ ಇರಲಿಲ್ಲ. ಕೈಯಿಟ್ಟವರು ಅಧಿಕಾರದಿಂದ ಇಳಿದಿದ್ದ ಮೂವರು ಬಿಷಪ್ಪರು. ಆ ಹನ್ನೊಂದು ಜನರಲ್ಲಿ ಜೆನೆಟ್ ಪಿಕಾರ್ಡ್ ಒಬ್ಬರು. 1934ರಲ್ಲಿ ಬಲೂನು ನಡೆಸಿಕೊಂಡು ವಾಯುಮಂಡಲದ ಎರಡನೇ ಪದರ ಮುಟ್ಟಿಬಂದ ಈ ಸಾಹಸಿಗೆ ದೀಕ್ಷೆಯ ದಿನ 79 ವರ್ಷ. ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದವರು ಅದೇ ಸಭೆಯ ವಾರ್ಡನ್ ಬಾರ್ಬರಾ ಹ್ಯಾರಿಸ್. 1989ರಲ್ಲಿ ಜಗತ್ತಿನ ಆಂಗ್ಲಿಕನ್ ಬಳಗಕ್ಕೆ ಮೊದಲ ಮಹಿಳಾ ಬಿಷಪ್ ಆದವರೂ ಅವರೇ. ಆದರೆ 1974ರಲ್ಲಿ ಆ ಹನ್ನೊಂದು ಜನರ ದೀಕ್ಷೆ ಸಲ್ಲದು ಎಂದು ಬಿಷಪ್ಪರ ಮಂಡಳಿ ತಕ್ಷಣ ಸಾರಿತು. ಎರಡು ವರ್ಷಕ್ಕೆ ಮಹಾಸಭೆ ದಾರಿ ತೆರೆಯಿತು. 1977ರ ಜನವರಿ 1ರಿಂದ ಹೆಂಗಸರಿಗೂ ಆ ದೀಕ್ಷೆ ನಿಯಮಬದ್ಧವಾಯಿತು.

ಒಂದು ವಾರ ಕಳೆಯಿತಷ್ಟೆ, ವಾಷಿಂಗ್ಟನ್ನಿನ ಕೆಥೀಡ್ರಲ್‌ನಲ್ಲಿ ಪಾಲಿ ಮರ್ರಿ ದೀಕ್ಷೆಗಾಗಿ ಮೊಣಕಾಲೂರಿದರು. ವಕೀಲರು, ಕವಿ, ನಾಗರಿಕ ಹಕ್ಕುಗಳಿಗಾಗಿ ದಶಕಗಳ ಕಾಲ ಹೋರಾಡಿದವರು. ಅರವತ್ತು ದಾಟಿದ ಮೇಲೆ ಪ್ರಾಧ್ಯಾಪಕ ಹುದ್ದೆ ಬಿಟ್ಟು ಸೆಮಿನರಿ ಸೇರಿದ್ದರು. ಪಾದ್ರಿಯಾಗಿ ಮೊದಲ ಪ್ರಭುಭೋಜನ ನಡೆಸಲು ಅವರು ಹೋದದ್ದು ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ಗೆ, ಚಾಪೆಲ್ ಆಫ್ ದಿ ಕ್ರಾಸ್ ಎಂಬ ಸಭೆಗೆ. 1854ರಲ್ಲಿ ಅಲ್ಲಿಯೇ ಅವರ ಅಜ್ಜಿ ಕೊರ್ನೀಲಿಯಾಗೆ ದೀಕ್ಷಾಸ್ನಾನವಾಗಿತ್ತು. ಆಗ ಆಕೆ ಮೇರಿ ರಫಿನ್ ಸ್ಮಿತ್ ಎಂಬಾಕೆಯ ಸೊತ್ತಾಗಿದ್ದ ಪುಟ್ಟ ಹುಡುಗಿ. ಆ ಒಡತಿ ಹುಡುಗಿಗೆ ಸ್ವಂತ ಸೋದರತ್ತೆಯೂ ಹೌದು.

1977ರ ಫೆಬ್ರವರಿ 13, ಭಾನುವಾರ. ಆಬ್ಸಲಮ್ ಜೋನ್ಸರು ತೀರಿಕೊಂಡ ತಾರೀಖು. ಸುವಾರ್ತೆ ಓದುವ ಪೀಠ ಮೇರಿ ರಫಿನ್ ಸ್ಮಿತ್ ನೆನಪಿಗೆ ಕೊಟ್ಟದ್ದು. ಅದರ ಮೇಲೆ ಮರ್ರಿ ತಮ್ಮ ಅಜ್ಜಿಯ ಬೈಬಲ್ ಬಿಡಿಸಿಟ್ಟು ಓದಿದರು. ಆಮೇಲೆ ಮೇಜಿನ ಬಳಿಗೆ ಹೋಗಿ ರೊಟ್ಟಿ ಮುರಿದು, ಸಾಲಾಗಿ ಬಂದವರ ಅಂಗೈಗೆ ಒಂದೊಂದೇ ಚೂರು ಇಟ್ಟರು.