ಸೂಜಿ ನೋಡಿದ್ದು ಚೂರು, ಸ್ಕ್ಯಾನು ನೋಡಿದ್ದು ಇಡೀ ಗಡ್ಡೆ

ಹಾಸನ ಸೀಮೆಯ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮನೆ. ಆದರೆ ನೋವಿಲ್ಲದೆ ಬಂದ ಕಾಮಾಲೆಯ ಜೊತೆ ಮೈ ಇಳಿಯುತ್ತಿದ್ದರೆ, ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿದ್ದರೆ ಔಷಧಿ ಕುಡಿಯುತ್ತಾ ಕೂರಬಾರದು. ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಎದ್ದು ಪಿತ್ತನಾಳವನ್ನು ಒತ್ತಿದರೂ ಹೀಗಾಗುತ್ತದೆ.

ಗಡ್ಡೆ ಎಷ್ಟು ಹಬ್ಬಿದೆ ಎಂಬುದು ಸ್ಟೇಜ್. ಎಷ್ಟು ಉಗ್ರ ಎಂಬುದು ಗ್ರೇಡ್. ಈ ಗ್ರಂಥಿಯ ನ್ಯೂರೋಎಂಡೋಕ್ರೈನ್ ಗಡ್ಡೆಗಳಲ್ಲಿ, ಅಂದರೆ ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟುವ ಗಡ್ಡೆಗಳಲ್ಲಿ, ಗ್ರೇಡ್ ಹೇಳಲು ಮುಖ್ಯವಾಗಿ ನೋಡುವುದು ಕೆಐ-67 ಎಂಬ ಪ್ರಮಾಣವನ್ನು, ಅಂದರೆ ನೂರರಲ್ಲಿ ಎಷ್ಟು ಕೋಶ ಒಡೆದು ಎರಡಾಗಲು ಹೊರಟಿವೆ ಎಂಬುದನ್ನು. 3ಕ್ಕಿಂತ ಕಡಿಮೆಯಾದರೆ ಜಿ1, 20ರವರೆಗೆ ಜಿ2, ಅದನ್ನು ದಾಟಿದರೆ ಜಿ3. ಎಣಿಕೆ ನಡೆಯುವುದು ಬಯಾಪ್ಸಿಯ ಚೂರಿನಲ್ಲಿ. ತೊಡಕಿರುವುದೂ ಅಲ್ಲೇ: ಸೂಜಿ ತೆಗೆದದ್ದು ಗಡ್ಡೆಯ ಒಂದು ಮೂಲೆ, ಪಕ್ಕದ ಮೂಲೆ ಇನ್ನೂ ಉಗ್ರವಾಗಿರಬಹುದು.

ಎಂಆರ್‌ಐ ಇಡೀ ಗಡ್ಡೆಯನ್ನು ನೋಡುತ್ತದೆ. ಕ್ಷ-ಕಿರಣವಿಲ್ಲ, ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ಕೆಲಸ. ಅದರಲ್ಲಿ ‘ಡಿಫ್ಯೂಷನ್’ ಎಂಬ ಭಾಗ ಮೈಯೊಳಗಿನ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂದು ಅಳೆಯುತ್ತದೆ. ಸಂತೆ ಕಿಕ್ಕಿರಿದಾಗ ಹೆಜ್ಜೆ ಕಿತ್ತಿಡಲಾಗದಲ್ಲ, ಕೋಶಗಳು ಒತ್ತೊತ್ತಾಗಿ ತುಂಬಿದಲ್ಲಿ ನೀರಿನ ಪಾಡೂ ಅದೇ. ಆಗ ಎಡಿಸಿ ಎಂಬ ಅಂಕಿ ಇಳಿಯುತ್ತದೆ. ಹೆಚ್ಚಿನ ಗ್ರೇಡಿನ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಇದು ಕಡಿಮೆ. ಆಮೇಲೆ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಚುಚ್ಚುತ್ತಾರೆ. ರಕ್ತನಾಳ ತುಂಬಿದ ಜಿ1 ಗಡ್ಡೆ ಬಹುಮಟ್ಟಿಗೆ ಬೇಗ ಬೆಳಗುತ್ತದೆ, ಅಂಚು ಸ್ಪಷ್ಟ. ಮಂಕಾಗಿ ಉಳಿದು ಅಂಚು ಕಲಸಿಹೋಗಿದ್ದರೆ, ಗ್ರಂಥಿಯ ನಾಳ ಉಬ್ಬಿದ್ದರೆ ರೇಡಿಯಾಲಜಿಸ್ಟ್ ಹುಬ್ಬು ಗಂಟಿಕ್ಕುತ್ತಾರೆ.

ಇದು ಸುಳಿವು, ತೀರ್ಪಲ್ಲ. ಗ್ರಂಥಿಯ ಉರಿಯೂತದಲ್ಲೂ ಎಡಿಸಿ ಇಳಿಯಬಹುದು. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುತ್ತದೆ. ಮೊಬೈಲಿನಲ್ಲಿ ಸಿಕ್ಕ ಅಂಕಿಯೊಡನೆ ನಮ್ಮ ರಿಪೋರ್ಟನ್ನು ಹೋಲಿಸಿ ಎದೆಯೊಡೆದುಕೊಳ್ಳುವುದು ವ್ಯರ್ಥ. ನಿಜವಾದ ಉಪಯೋಗ ಬೇರೆ ಇದೆ. ಬಯಾಪ್ಸಿ ಜಿ1 ಎಂದು, ಸ್ಕ್ಯಾನು ಉಗ್ರ ಎಂದು ತೋರಿಸಿದರೆ ಆ ಜಗಳವನ್ನು ವೈದ್ಯರ ಮುಂದಿಡಿ. ಇನ್ನೊಂದು ಕಡೆಯಿಂದ ಚೂರು ತೆಗೆಯಬೇಕಾದೀತು. ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಹಾರ್ಮೋನಿನ ಕಾಟವೂ ಇಲ್ಲದ ಜಿ1 ಗಡ್ಡೆಯಾದರೆ ಕೆಲವರಲ್ಲಿ ತಕ್ಷಣ ಕೊಯ್ಯದೆ ಕಾದು ನೋಡುವುದೂ ಉಂಟು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಹಾಸನದ ಹಿಮ್ಸ್ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡಿನ ಜೊತೆ ಸ್ಕ್ಯಾನಿನ ಸಿಡಿಯನ್ನೂ ಇಟ್ಟುಕೊಳ್ಳಿ. ಬರೀ ಫಿಲ್ಮಿನ ಮೇಲೆ ಎಡಿಸಿ ಅಳೆಯಲಾಗದು. ಪೇಸ್‌ಮೇಕರ್ ಇದ್ದರೆ ಸ್ಕ್ಯಾನಿಗೆ ಮೊದಲೇ ಹೇಳಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಒಯ್ಯಿರಿ. ನಾಲ್ಕಾರು ಗಂಟೆ ಹಸಿದಿರಬೇಕು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ಕೇಳಿಕೊಳ್ಳಿ. ಕೆಲವೆಡೆ ಅನಾನಸ್ ರಸ ಕುಡಿಸುತ್ತಾರೆ. ಉಪಚಾರವಲ್ಲ ಅದು: ರಸದಲ್ಲಿರುವ ಮ್ಯಾಂಗನೀಸ್ ಹೊಟ್ಟೆಯ ನೀರನ್ನು ಚಿತ್ರದಲ್ಲಿ ಕಪ್ಪಾಗಿಸಿ ನಾಳಗಳನ್ನು ಎತ್ತಿ ತೋರಿಸುತ್ತದೆ. ಒಳಗೆ ‘ಉಸಿರು ಹಿಡೀರಿ’ ಎಂದಾಗ ಹಿಡಿಯಲಾಗದಿದ್ದರೆ ಚಿಕ್ಕ ಗಡ್ಡೆ ಮಸುಕಾಗುತ್ತದೆ, ಮನೆಯಲ್ಲೇ ಅಭ್ಯಾಸ ಮಾಡಿ ಹೋಗಿ. ಮುಂದಿನ ಸ್ಕ್ಯಾನನ್ನು ಆದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ.