ಅರ್ಧ ಮುಖದ ಕತ್ತಲು

ನಂದಿಕೂರಿನಿಂದ ಪಡುಬಿದ್ರಿಗೆ ಬಂದು ಹೆದ್ದಾರಿಯಲ್ಲಿ ಬಡಗಕ್ಕೆ ಹೊರಟರೆ ಕಾಪು, ಉಡುಪಿ, ಕುಂದಾಪುರ ದಾಟಿದ ಮೇಲೆ ಮರವಂತೆ ಸಿಗುತ್ತದೆ. ಪಡುಕೋಣೆ ಅಲ್ಲೇ ಹತ್ತಿರ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಸಂತಕುಮಾರ್ ಶಿವಶಂಕರ್ ಪಡುಕೋಣೆ, ಅಂದರೆ ಹಿಂದಿ ಚಿತ್ರರಂಗದ ಗುರುದತ್, ಹೆಸರಿನ ಕೊನೆಗೆ ಹೊತ್ತಿದ್ದು ಈ ಊರನ್ನೇ.

ಅವರ ಮೊದಲ ನಿರ್ದೇಶನ 1951ರ ‘ಬಾಜಿ’. ಮೈಸೂರಿನ ವಿ.ಕೆ. ಮೂರ್ತಿ ಅದರಲ್ಲಿ ಸಹಾಯಕ ಛಾಯಾಗ್ರಾಹಕ. ಕ್ಲಿಷ್ಟವಾದ ಒಂದು ಶಾಟ್ ಅನ್ನು ಮೂರ್ತಿ ತೆಗೆದುಕೊಟ್ಟ ರೀತಿ ಗುರುದತ್‌ಗೆ ಹಿಡಿಸಿತು. ಮರುವರ್ಷದ ‘ಜಾಲ್’ನಿಂದ ಕ್ಯಾಮೆರಾ ಮೂರ್ತಿಯವರ ಕೈಗೆ ಬಂತು.

ಆ ಹೊತ್ತಿಗೆ ಅಮೆರಿಕದ ಅಪರಾಧ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು ‘ಫಿಲ್ಮ್ ನುವಾರ್’ ಎಂದು ಹೆಸರಿಟ್ಟಾಗಿತ್ತು. ಹಿಟ್ಲರನ ಕಾಲದಲ್ಲಿ ಜರ್ಮನಿ ತೊರೆದ ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್ ಮೊದಲಾದವರು ಅಲ್ಲಿನ ನೆರಳು-ಬೆಳಕಿನ ವಿದ್ಯೆಯನ್ನು ಹಾಲಿವುಡ್‌ಗೆ ಒಯ್ದಿದ್ದರು. ಮುಖಕ್ಕೆ ಒಂದು ಪಕ್ಕದಿಂದ ಮಾತ್ರ ಗಟ್ಟಿ ದೀಪ. ಮತ್ತೊಂದು ಪಕ್ಕದ ನೆರಳನ್ನು ತಿಳಿಗೊಳಿಸುವ ದೀಪವನ್ನು ಆರಿಸಿಬಿಡುವುದು. ಅರ್ಧ ಮುಖ ಕಾಣದೆ ಹೋದಾಗ ಆ ಪಾತ್ರವನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಮಾತಿಲ್ಲದೆ ಹುಟ್ಟುತ್ತದೆ. ಬಣ್ಣವಿಲ್ಲದ ಚಿತ್ರದಲ್ಲಿ ಕಪ್ಪು ಕೋಟನ್ನು ಕಪ್ಪು ಗೋಡೆಯಿಂದ ಬೇರ್ಪಡಿಸಲೂ ಬೆಳಕೇ ಬೇಕು. ಅದಕ್ಕಾಗಿ ಹಿಂದಿನಿಂದ ಬಿಟ್ಟ ದೀಪ ಭುಜ, ಕೂದಲಿನ ಅಂಚಿಗೆ ಗೆರೆ ಎಳೆಯುತ್ತದೆ.

ಈ ನೆರಳು-ಬೆಳಕನ್ನು ಮೂರ್ತಿಯವರ ಕ್ಯಾಮೆರಾದಲ್ಲಿ ನೋಡಬೇಕೆಂದರೆ ಶುರುವಿಗೆ 1956ರ ‘ಸಿ.ಐ.ಡಿ.’ ಒಳ್ಳೆಯದು. ನಿರ್ಮಾಪಕ ಗುರುದತ್, ನಿರ್ದೇಶಕ ರಾಜ್ ಖೋಸ್ಲಾ, ಛಾಯಾಗ್ರಾಹಕ ಮೂರ್ತಿ. ಪತ್ರಿಕಾ ಸಂಪಾದಕನ ಕೊಲೆಯ ತನಿಖೆಗೆ ಹೊರಟ ಇನ್‌ಸ್ಪೆಕ್ಟರ್ ಆಗಿ ದೇವ್ ಆನಂದ್. ವಹೀದಾ ರೆಹಮಾನ್ ಅವರ ಮೊದಲ ಹಿಂದಿ ಚಿತ್ರವೂ ಇದೇ. ನಾಯಕ ತಪ್ಪಿಸಿಕೊಳ್ಳಲೆಂದು ಆಕೆ ಖಳನ ಗಮನ ಸೆಳೆದು ಹಾಡುವಾಗ ಪ್ರೇಕ್ಷಕರ ಎದೆಬಡಿತ ಏರುತ್ತದೆ. ಹಾಡು ಕಥೆಯನ್ನು ನಿಲ್ಲಿಸದೆ ಅಪಾಯವನ್ನು ಹಿಗ್ಗಿಸುವ ಇಂಥ ಜಾಣ್ಮೆ ನಮ್ಮ ಥ್ರಿಲ್ಲರುಗಳ ದೊಡ್ಡ ಗಳಿಕೆ. ಕೋಣೆಯ ದೀಪ ಆರಿಸಿ ನೋಡಬೇಕು. ಹಗಲಿನಲ್ಲಿ ಮೊಬೈಲ್ ಪರದೆ ಮೇಲೆ ನೋಡಿದರೆ ಮೂರ್ತಿಯವರ ಅರ್ಧ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ.

2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಅದೇ ಮೊದಲು.

ಥ್ರಿಲ್ಲರುಗಳು ಕನ್ನಡದಲ್ಲೂ ಬಂದವು. 1968ರ ‘ಜೇಡರ ಬಲೆ’ಯಲ್ಲಿ ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿತು. ಉಡುಪಿಯ ರಕ್ಷಿತ್ ಶೆಟ್ಟಿ 2014ರಲ್ಲಿ ಮಲ್ಪೆಯ ಕಡಲು, ಹುಲಿವೇಷಗಳ ನಡುವೆ ಕಟ್ಟಿದ ‘ಉಳಿದವರು ಕಂಡಂತೆ’ ಬಣ್ಣದ ಚಿತ್ರ. ಆದರೂ ಒಂದೇ ಘಟನೆಯನ್ನು ಹಲವರ ಕಣ್ಣಿಂದ ಹೇಳುವ ಅದರ ಜಾಡು ಕುರೊಸಾವಾರ ಕಪ್ಪು-ಬಿಳುಪಿನ ‘ರಾಶೊಮಾನ್’ ನೋಡಿದವರಿಗೆ ಕೂಡಲೇ ಗುರುತು ಸಿಗುತ್ತದೆ.